ಮರದಲ್ಲೇ ಬೆಳೆದ ಶಿಲ್ಪಿ ಮಾರ್ಟಿನ್ ಪ್ಯೂರಿಯರ್: ನಮ್ಮ ಕಡೆ ಶಿಲ್ಪ ಕಲಿಯುವವರಿಗೆ ಇದರಲ್ಲಿ ಏನಿದೆ?

ಉಳಿಕೊಡತಿ (ದಾವಣಗೆರೆ)

ಮಾರ್ಟಿನ್ ಪ್ಯೂರಿಯರ್ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಅನಿಸುತ್ತಿತ್ತು. ಅಮೆರಿಕದ ಶಿಲ್ಪಿ, 1941ರಲ್ಲಿ ವಾಷಿಂಗ್ಟನ್‌ನಲ್ಲಿ ಹುಟ್ಟಿದವರು. ಕಬ್ಬಿಣ, ಕಂಚು, ಕಲ್ಲು ಎಲ್ಲದರಲ್ಲೂ ಕೆಲಸ ಮಾಡಿದ್ದಾರೆ. ಆದರೆ ಅವರ ಕೈ ನಿಂತಿದ್ದು ಮರದ ಮೇಲೆ.

ಅವರು ಶಿಲ್ಪಿಯಾಗಲು ಹೊರಟವರಲ್ಲ. ಕಾಲೇಜಿಗೆ ಸೇರಿದ್ದು ಜೀವಶಾಸ್ತ್ರ ಓದೋಕೆ. ನಡುವೆ ಚಿತ್ರಕಲೆಗೆ ಬದಲಾಯಿಸಿಕೊಂಡು 1963ರಲ್ಲಿ ಪದವಿ ಮುಗಿಸಿದರು. ಕೈ ಮಾತ್ರ ಚಿಕ್ಕಂದಿನಿಂದಲೂ ಸುಮ್ನೆ ಕೂತಿರಲಿಲ್ಲ. ಗಿಟಾರು, ದೋಣಿ, ಕುರ್ಚಿ ಮೇಜು ಎಲ್ಲ ತಾವೇ ಮಾಡುತ್ತಿದ್ದರು. 1964ರಿಂದ 1966ರವರೆಗೆ ಪೀಸ್ ಕೋರ್ ಅನ್ನುವ ಅಮೆರಿಕ ಸರ್ಕಾರದ ಸೇವಾ ಸಂಸ್ಥೆಯ ಸ್ವಯಂಸೇವಕರಾಗಿ ಆಫ್ರಿಕಾದ ಸಿಯೆರಾ ಲಿಯೋನ್‌ನಲ್ಲಿದ್ದರು. ಅಲ್ಲಿ ಶಾಲೆ ಮೇಷ್ಟ್ರು. ಪಾಠ ಮುಗಿದ ಮೇಲೆ ಊರಿನ ಬಡಗಿಗಳ ಕೆಲಸ ನೋಡುತ್ತಿದ್ದರು, ಕಲಿಯುತ್ತಿದ್ದರು. ಮೆಷಿನ್ ಇಲ್ಲ, ಕೈಸಾಮಾನು ಮಾತ್ರ. ಅಲ್ಲಿಂದ ಸ್ವೀಡನ್ನಿನ ಸ್ಟಾಕ್‌ಹೋಮ್‌ಗೆ ಹೋಗಿ ಎರಡು ವರ್ಷ ರಾಯಲ್ ಅಕಾಡೆಮಿಯಲ್ಲಿ ಮುದ್ರಣಕಲೆ ಓದಿದರು. ಅಲ್ಲಿ ಜೇಮ್ಸ್ ಕ್ರೆನೊವ್ ಅನ್ನುವ ಹೆಸರಾಂತ ಮರಗೆಲಸಗಾರರ ಪರಿಚಯವಾಯಿತು. ಬೀರು ಮಾಡುವವರು ಅವರು. ಒಂದೊಂದು ಹಲಗೆಯ ನಾರು ನೋಡಿ, ಆ ನಾರಿಗೆ ತಕ್ಕ ಹಾಗೆ ಬೀರಿನ ಆಕಾರ ತೀರ್ಮಾನಿಸುವಂಥ ಕೈ. ಇಷ್ಟೆಲ್ಲ ಆದ ಮೇಲೆ 1971ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಶಿಲ್ಪದಲ್ಲಿ ಪದವಿ ಬಂತು.

ನಾನು ಒತ್ತಿ ಹೇಳಬೇಕು ಅಂದುಕೊಂಡದ್ದು ಈ ಕ್ರಮ. ಮೊದಲು ಬಡಗಿ, ಆಮೇಲೆ ಶಿಲ್ಪಿ. ಶಿಲ್ಪಿ ಆದ ಮೇಲೂ ಬಡಗಿಯನ್ನು ಅವರು ಬಿಡಲಿಲ್ಲ. ಅರವತ್ತು, ಎಪ್ಪತ್ತರ ದಶಕದಲ್ಲಿ ಅಮೆರಿಕದ ದೊಡ್ಡ ಹೆಸರಿನ ಎಷ್ಟೋ ಶಿಲ್ಪಿಗಳು ಡ್ರಾಯಿಂಗ್ ಕಳಿಸಿ ಕಾರ್ಖಾನೆಯಲ್ಲಿ ಮಾಡಿಸಿ ತರುತ್ತಿದ್ದರು. ಕೈ ತಗುಲಿಸದೇ ಇರುವುದೇ ಆಗ ಹೊಸತನ. ಇವರು ಅದೇ ಕಾಲದಲ್ಲಿ ಬಗ್ಗಿಸಿ, ಜೋಡಿಸಿ, ಬೆಣೆ ಹೊಡೆದು, ಉಜ್ಜಿ ಮಾಡಿದರು. ಆಕಾರ ಮಾತ್ರ ಆ ಹೊಸಬರ ಹಾಗೇ ಸರಳ.

1977ರಲ್ಲಿ ಬ್ರೂಕ್ಲಿನ್‌ನಲ್ಲಿದ್ದ ಅವರ ಸ್ಟುಡಿಯೋಗೆ ಬೆಂಕಿ ಬಿತ್ತು. ಅಲ್ಲಿಯವರೆಗಿನ ಕೆಲಸ ಹೆಚ್ಚೂಕಡಿಮೆ ಎಲ್ಲ ಹೋಯಿತು. ಮೂವತ್ತೈದರ ವಯಸ್ಸಿನಲ್ಲಿ ಅದು ಸಣ್ಣ ಪೆಟ್ಟಲ್ಲ. ಮರುವರ್ಷ ಶಿಕಾಗೋಗೆ ಹೋದರು. ಅದೇ 1978ರಲ್ಲಿ ಮಾಡಿದ ಒಂದು ಕೆಲಸದ ಹೆಸರು 'ಸೆಲ್ಫ್'. ಆಳೆತ್ತರದ ಒಂದು ಕಪ್ಪು ಗುಡ್ಡೆ. ಮಳೆಗಾಳಿಗೆ ಸವೆದ ಬಂಡೆ ಅಂತಲೇ ಅನಿಸುತ್ತದೆ. ಆದರೆ ಒಳಗೆ ಟೊಳ್ಳು! ತೆಳು ಮರವನ್ನು ಜೋಡಿಸಿ ಬಗ್ಗಿಸಿ ಕಟ್ಟಿದ ಚಿಪ್ಪು ಅದು. ಅವರ ಮುಂದಿನ ನಲವತ್ತು ವರ್ಷದ ದಾರಿ ನನಗೆ ಕಾಣುವುದು ಇದೊಂದು ಕೆಲಸದಲ್ಲಿ.

ನನ್ನ ಮಾತು ಇಷ್ಟೇ. ನಮ್ಮಲ್ಲಿ ಶಿಲ್ಪ ಕಲಿಯುವ ಮಕ್ಕಳು ಬಡಗಿಮನೆಗೆ ಹೋಗಬೇಕು. ಬೀಜ ಬಿತ್ತುವ ಕೂರಿಗೆ, ಬಂಡಿ ಮಾಡಿದ ಕೈಗಳು ಇನ್ನೂ ಒಂದಷ್ಟು ಉಳಿದಿವೆ. ಅವು ಹೋಗುವ ಮೊದಲು ಹೋಗಬೇಕು.

ಕೋಟೆಊರು (ಚಿತ್ರದುರ್ಗ)

ಸರ್, 'ಸೆಲ್ಫ್' ಫೋಟೋ ಹುಡುಕಿ ನೋಡಿದೆ. ನಮ್ಮ ಬೆಟ್ಟದ ಬಂಡೆಗಳ ನಡುವೆ ಇಟ್ಟರೆ ಯಾರೂ ಬೇರೆ ಅನ್ನೋದಿಲ್ಲ. ಅದು ಒಳಗೆ ಟೊಳ್ಳು ಅಂತ ನೀವು ಹೇಳಿದ ಮೇಲೆ ಇನ್ನೊಂದು ಸಲ ನೋಡಿದೆ. ಕಲ್ಲಿನ ಊರಲ್ಲಿ ಬೆಳೆದವನಿಗೆ ಇಷ್ಟು ಭಾರ ಕಾಣುವುದು ಇಷ್ಟು ಹಗುರ ಇರುತ್ತದೆ ಅಂದರೆ ನಂಬೋಕೇ ಕಷ್ಟ.

ಆದರೂ ನನ್ನದೊಂದು ತಕರಾರು ಇದೆ. ಮರದ ಶಿಲ್ಪ ಅಂದರೆ ಕೆತ್ತನೆ. ಒಂದು ದಿಮ್ಮಿ, ಒಂದು ಉಳಿ. ಬೇಡದ್ದನ್ನು ತೆಗೆಯಬೇಕು. ಶಿರಸಿ ಮಾರಿಕಾಂಬೆಯ ಮೂರ್ತಿ ಮರದ್ದು, ಏಳಡಿ ಎತ್ತರ. ನಮ್ಮ ಹಳ್ಳಿಗಳಲ್ಲೂ ಊರಮ್ಮನ ಮರದ ಮೂರ್ತಿ ಎಷ್ಟೋ ಇವೆ. ಸಾಗರ, ಸೊರಬದ ಗುಡಿಗಾರರ ಶ್ರೀಗಂಧದ ಕೆಲಸ ಇದೆ. ಇವೆಲ್ಲ ಕೆತ್ತನೆಯ ಪರಂಪರೆ. ಹಲಗೆ ಜೋಡಿಸೋದು ಬಡಗಿ ಕೆಲಸ, ಅದು ಬೇರೆ. ಎರಡನ್ನೂ ಕಲಸಿದರೆ ಹುಡುಗರಿಗೆ ಉಳಿ ಹಿಡಿಯೋದೇ ಮರೆತು ಹೋಗುತ್ತದೆ.

ಬಡಗಿಮನೆ (ಹರಿಹರ)

ನಮ್ಮ ತಂದೆ ಕೂರಿಗೆ, ಬಂಡಿ ಮಾಡುತ್ತಿದ್ದರು. ನಾನು ಬಾಗಿಲು, ಚೌಕಟ್ಟು ಮಾಡುತ್ತೇನೆ. ಕಲೆ ಬಗ್ಗೆ ಮಾತಾಡೋಕೆ ನನಗೆ ಬರಲ್ಲ, ಮರದ ಬಗ್ಗೆ ಬರುತ್ತದೆ.

ಟೊಳ್ಳು ಮಾಡಿದ್ದು ಯಾಕೆ ಅಂತ ನಾನು ಹೇಳುತ್ತೇನೆ. ದಪ್ಪ ದಿಮ್ಮಿ ಒಣಗುವಾಗ ಎಲ್ಲ ಕಡೆ ಒಂದೇ ಸಮ ಕುಗ್ಗಲ್ಲ. ಉದ್ದಕ್ಕೆ ಕುಗ್ಗೋದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ನಡುವಿನಿಂದ ಹೊರಕ್ಕೆ ಸ್ವಲ್ಪ ಕುಗ್ಗುತ್ತದೆ. ಸುತ್ತಳತೆಯಲ್ಲಿ ಕುಗ್ಗೋದು ಅದರ ಹತ್ತಿರ ಹತ್ತಿರ ಎರಡರಷ್ಟು. ಹೊರಗಿನ ಸುತ್ತು ಗಿಡ್ಡ ಆಗಬೇಕು, ಒಳಗಿನ ಮರ ಬಿಡಲ್ಲ. ಆಗ ಹೊರಗಿಂದ ತಿರುಳಿನ ಕಡೆಗೆ ಸೀಳು ಬೀಳುತ್ತದೆ. ಮುಖ ಕೆತ್ತಿದ್ದರೆ ಮುಖದ ಮೇಲೇ ಬರಬಹುದು, ಹೇಳೋಕಾಗಲ್ಲ. ಅದರಲ್ಲೂ ಮಲೆನಾಡಿನಿಂದ ಹಸಿ ದಿಮ್ಮಿ ತಂದು ನಮ್ಮ ದಾವಣಗೆರೆ ಬೇಸಿಗೆಗೆ ಇಟ್ಟರೆ ಮುಗೀತು. ಮಾರ್ಚ್, ಏಪ್ರಿಲ್‌ನಲ್ಲಿ ರಾತ್ರಿ ಟಪ್ ಅಂತ ಸದ್ದು ಕೇಳುತ್ತದೆ.

ತೆಳ್ಳಗೆ ಇದ್ದರೆ ಒಳಗೂ ಹೊರಗೂ ಒಟ್ಟಿಗೇ ಒಣಗುತ್ತದೆ, ಹಾಗಾಗಿ ಸೀಳಲ್ಲ. ಆ ಅಮೆರಿಕದವರು ಬಡಗಿ ಹತ್ತಿರ ಕಲಿತಿದ್ದಾರೆ ಅಂತ ಇದರಲ್ಲೇ ಗೊತ್ತಾಗುತ್ತದೆ.

ಮೇಷ್ಟ್ರು (ಹೊಳಲ್ಕೆರೆ)

ಬಡಗಿಮನೆ ಅಣ್ಣನವರ ಮಾತಿಗೆ ಸೇರಿಸುತ್ತೇನೆ. ಇದು ಬಹಳ ಹಳೆಯ ಸಮಸ್ಯೆ. ಕೆತ್ತನೆಗಾರರೇ ಇದಕ್ಕೆ ದಾರಿ ಹುಡುಕಿದ್ದಾರೆ.

ಜಪಾನಿನಲ್ಲಿ ಜೋಚೊ ಅನ್ನುವ ಶಿಲ್ಪಿ ಇದ್ದರು. ಬ್ಯೋದೋ ಇನ್ ದೇವಾಲಯದ ಅಮಿದ ಬುದ್ಧ ಅವರದೇ ಕೆಲಸ, 1053ರದ್ದು. ಆ ದೊಡ್ಡ ಮೂರ್ತಿ ಒಂದೇ ದಿಮ್ಮಿಯದಲ್ಲ. ಹಲವು ಮರದ ತುಂಡುಗಳನ್ನು ಒಳಗೆ ಟೊಳ್ಳಾಗಿಸಿ ಜೋಡಿಸಿ ಕೆತ್ತಿದ್ದು. ಹೀಗೆ ಮಾಡಿದ್ದರಿಂದ ಸೀಳು ತಪ್ಪಿತು, ತೂಕ ಕಡಿಮೆ ಆಯಿತು, ಹಲವರು ಒಟ್ಟಿಗೆ ಕೂತು ಕೆಲಸ ಮಾಡುವುದೂ ಸಾಧ್ಯವಾಯಿತು. ಜರ್ಮನಿಯ ಟಿಲ್‌ಮನ್ ರೀಮೆನ್‌ಶ್ನೈಡರ್ 1500ರ ಆಸುಪಾಸಿನಲ್ಲಿ ಲಿಂಡೆನ್ ಮರದಲ್ಲಿ ಕೆತ್ತಿದವರು. ಅವರ ಮೂರ್ತಿಗಳನ್ನು ಮುಂದಿನಿಂದ ನೋಡಿದರೆ ಪೂರ್ತಿ ಆಳು, ಹಿಂದೆ ಹೋಗಿ ನೋಡಿದರೆ ಬೆನ್ನು ತೋಡಿ ತೆಗೆದಿರುತ್ತದೆ. ಹಲವು ಕೆಲಸಗಳಿಗೆ ಬಣ್ಣ ಹಚ್ಚದೇ ಮರವನ್ನು ಮರದ ಹಾಗೇ ಬಿಟ್ಟವರಲ್ಲೂ ಅವರು ಮೊದಲಿಗರು.

ನಮ್ಮ ಕೊಪ್ಪಳದ ಕಿನ್ನಾಳವನ್ನೇ ನೋಡಿ. ಹಗುರ ಮರದಲ್ಲಿ ಬೇರೆ ಬೇರೆ ಭಾಗ ಮಾಡಿ, ಹುಣಸೆ ಬೀಜದ ಅಂಟಿನಿಂದ ಕೂಡಿಸಿ, ಮೇಲೆ ಬಣ್ಣ ಕೊಡುತ್ತಾರೆ. ಅದನ್ನು ಶಿಲ್ಪ ಅಲ್ಲ ಅನ್ನೋಕಾಗುತ್ತಾ? ಹಾಗಾಗಿ ಕೆತ್ತನೆ ಒಂದು ಕಡೆ, ಜೋಡಣೆ ಇನ್ನೊಂದು ಕಡೆ ಅಂತ ಗೋಡೆ ಹಾಕೋದು ನನಗೆ ಸರಿ ಕಾಣಲ್ಲ.

ಕೋಟೆಊರು (ಚಿತ್ರದುರ್ಗ)

ಒಪ್ಪಿದೆ ಮೇಷ್ಟ್ರೇ. ಆದರೆ ನೀವು ಹೇಳಿದ ಮೂವರೂ ಕೊನೆಗೆ ಒಂದು ಆಕಾರವನ್ನೇ ಕೆತ್ತಿದ್ದಾರೆ. ಬುದ್ಧ, ಸಂತರು, ದೇವರು. ಜೋಡಣೆ ಅಲ್ಲಿ ಮರೆಯಲ್ಲಿದೆ. ಪ್ಯೂರಿಯರ್‌ಗೆ ಜೋಡಣೆಯೇ ಮುಂದೆ ಬಂದು ನಿಂತಿದೆಯಲ್ಲ, ಅದನ್ನು ಯಾಕೆ ಶಿಲ್ಪ ಅನ್ನಬೇಕು? ಜಗಳಕ್ಕೆ ಕೇಳುತ್ತಿಲ್ಲ, ತಿಳಿಯೋಕೆ ಕೇಳುತ್ತಿದ್ದೇನೆ.

ಉಳಿಕೊಡತಿ (ದಾವಣಗೆರೆ)

ಕೋಟೆಊರು ಅವರೇ, ಇದು ಉತ್ತರ ಕೊಡಲೇಬೇಕಾದ ಪ್ರಶ್ನೆ.

ಮೊದಲು ಕೆತ್ತನೆಯವರ ಕಡೆಯಿಂದ ನೋಡೋಣ. ಬಾರ್ಬರಾ ಹೆಪ್‌ವರ್ತ್ ಅಂತ ಇಂಗ್ಲೆಂಡಿನ ಶಿಲ್ಪಿ, 1903ರಲ್ಲಿ ಹುಟ್ಟಿದವರು. ಇಟಲಿಯಲ್ಲಿ ಅಮೃತಶಿಲೆ ಕೆತ್ತೋದು ಕಲಿತರು. ಮೊದಮೊದಲು ತಾಯಿ, ಮಗು, ಪಾರಿವಾಳ, ಹೀಗೆ ಗುರುತು ಸಿಗುವ ಆಕಾರಗಳು. ಮೂವತ್ತರ ದಶಕದ ಶುರುವಿನಲ್ಲಿ ಆಕಾರದ ನಡುವೆ ಆರಪಾರ ತೂತು ಬಂತು. 1939ರಲ್ಲಿ ಸಮುದ್ರದ ದಂಡೆಯ ಸೇಂಟ್ ಐವ್ಸ್ ಊರಿಗೆ ಹೋದರು. ಆಮೇಲೆ ಮರವನ್ನು ಒಳಗೆ ಬಗೆದು, ಬಗೆದ ಜಾಗಕ್ಕೆ ಬಣ್ಣ ಕೊಟ್ಟು, ತಂತಿ ಕಟ್ಟಿದರು. 1946ರ 'ಪೆಲಗೋಸ್' ಅಂಥದ್ದು. 1954ರಲ್ಲಿ ನೈಜೀರಿಯಾದಿಂದ ಗ್ವಾರಿಯಾ ಮರದ ಭಾರೀ ದಿಮ್ಮಿಗಳು ಅವರಿಗೆ ಬಂದವು. ಒಟ್ಟು ಹದಿನೇಳು ಟನ್. ಅದರಲ್ಲಿ ಕೆತ್ತಿದ 'ಕೊರಿಂಥೋಸ್' ಮುಂದೆ ನಿಂತರೆ ದಿಮ್ಮಿಯ ಒಳಗೆ ಗುಹೆ ಹೊಕ್ಕ ಹಾಗೆ ಕಣ್ಣು ಹೋಗುತ್ತದೆ. ಇದು ತೆಗೆಯುತ್ತಾ ತೆಗೆಯುತ್ತಾ ಬೆಳೆದ ದಾರಿ. ಈ ದಾರಿಯಲ್ಲಿ ಮರ ಎಷ್ಟು ದೊಡ್ಡದು ಸಿಗುತ್ತದೋ ಕೆಲಸ ಅಷ್ಟೇ ದೊಡ್ಡದು.

ಪ್ಯೂರಿಯರ್ ದಾರಿಯಲ್ಲಿ ಆ ಮಿತಿ ಇಲ್ಲ. 1996ರ 'ಲ್ಯಾಡರ್ ಫಾರ್ ಬೂಕರ್ ಟಿ. ವಾಷಿಂಗ್ಟನ್' ತೆಗೆದುಕೊಳ್ಳಿ. ಅದು ಒಂದು ಏಣಿ, ಸುಮಾರು 36 ಅಡಿ ಉದ್ದ. ಎಳೆಯ ಆಶ್ ಮರದ ಕಾಂಡ ಸೀಳಿ ಎರಡು ಬದಿ ಮಾಡಿದ್ದಾರೆ, ಮೆಟ್ಟಿಲಿಗೆ ಮೇಪಲ್ ಮರ. ಕಾಂಡ ಹೇಗೆ ಸೊಟ್ಟ ಇತ್ತೋ ಏಣಿಯೂ ಹಾಗೇ ಸೊಟ್ಟ. ಕೆಳಗೆ ಅಗಲ, ಮೇಲೆ ಹೋಗ್ತಾ ಹೋಗ್ತಾ ಕಿರಿದಾಗಿ ತುದಿಯಲ್ಲಿ ಒಂದಂಗುಲದಷ್ಟು ಆಗುತ್ತದೆ. ಕೆಳಗಿನಿಂದ ನೋಡಿದರೆ ನಿಜಕ್ಕಿಂತ ಎಷ್ಟೋ ಎತ್ತರ ಇದೆ ಅನಿಸುತ್ತದೆ. ನೆಲಕ್ಕೂ ತಾಗದ ಹಾಗೆ ತಂತಿಯಲ್ಲಿ ತೂಗುಹಾಕಿದ್ದಾರೆ. ಹತ್ತೋಕೆ ಆಗಲ್ಲ.

ಬೂಕರ್ ಟಿ. ವಾಷಿಂಗ್ಟನ್ ಗುಲಾಮರ ಮನೆಯಲ್ಲಿ ಹುಟ್ಟಿದವರು. ಬಿಡುಗಡೆಯಾದ ಕಪ್ಪು ಜನರಿಗೆ ಟಸ್ಕೀಗಿಯಲ್ಲಿ 1881ರಲ್ಲಿ ಶಾಲೆ ಶುರು ಮಾಡಿ ಓದಿನ ಜೊತೆ ಕೈಕಸುಬು ಕಲಿಸಿದರು. ಅಲ್ಲಿನ ಕಟ್ಟಡಗಳಿಗೆ ವಿದ್ಯಾರ್ಥಿಗಳೇ ಇಟ್ಟಿಗೆ ಸುಟ್ಟರು. ಕಸುಬಿನಿಂದ ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಬರಬೇಕು ಅನ್ನೋದು ಅವರ ನಂಬಿಕೆ. ಆ ಏಣಿ ಎಲ್ಲಿಗೆ ಮುಟ್ಟುತ್ತದೆ, ಎಷ್ಟು ಜನ ಹತ್ತಬಹುದು? ಪ್ಯೂರಿಯರ್ ಬಾಯಿಬಿಟ್ಟು ಹೇಳಿಲ್ಲ. ಹೆಸರು ಕೂಡ ಕೆಲಸ ಮುಗಿದ ಮೇಲೆ ಬಂದದ್ದು. ಆದರೆ ಅಷ್ಟು ದೊಡ್ಡ ಪ್ರಶ್ನೆಯನ್ನು ಎತ್ತಿದ್ದು ಬಡಗಿಯ ಜೋಡಣೆಯೇ. ಅದೇ ವಿಷಯವನ್ನು ಒಂದು ದಿಮ್ಮಿಯಲ್ಲಿ ಕೆತ್ತಿದ್ದರೆ ಅದು ಏಣಿಯ ಚಿತ್ರವಾಗುತ್ತಿತ್ತು, ಏಣಿ ಆಗುತ್ತಿರಲಿಲ್ಲ. ಜೋಡಣೆಯೂ ಶಿಲ್ಪ ಅಂತ ನಾನು ಹೇಳುವುದು ಇದಕ್ಕೇ.

ನಿಮ್ಮ ಜಿಲ್ಲೆಯಲ್ಲೇ ನಾಯಕನಹಟ್ಟಿ ತೇರು ಇದೆ. ತೇರು ಮಾಡುವವನಿಗೆ ನೀನು ಬಡಗಿಯೋ ಶಿಲ್ಪಿಯೋ ಅಂತ ಕೇಳಿದರೆ ಏನು ಹೇಳಿಯಾನು? ಅಚ್ಚು, ಗಾಲಿ, ತೊಲೆ, ಕೆತ್ತಿದ ಹಲಗೆ ಎಲ್ಲವೂ ಒಂದೇ ಕೆಲಸ ಅಲ್ವಾ.

ಕೋಟೆಊರು (ಚಿತ್ರದುರ್ಗ)

ತೇರಿನ ಮಾತು ಸರಿ ಸರ್. ಅದಕ್ಕೆ ನನ್ನ ಹತ್ತಿರ ಎದುರು ಮಾತಿಲ್ಲ. ಆದರೂ ಊರಮ್ಮನ ಕಣ್ಣು ಬಿಡಿಸುವ ಕೈ ಬೇರೆಯೇ ಅಂತ ನನ್ನ ನಂಬಿಕೆ. ಅದನ್ನು ನಾನು ಬಿಡಲ್ಲ.

ಉಳಿಕೊಡತಿ (ದಾವಣಗೆರೆ)

ಬಿಡಬೇಡಿ. ಅದೂ ಇರಲಿ.

ದೃಶ್ಯಕಲೆ ವಿದ್ಯಾರ್ಥಿನಿ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನಾನು ಶಿಲ್ಪಕಲೆ ಓದುತ್ತಿದ್ದೇನೆ. ಮಣ್ಣಿನಲ್ಲಿ ಕೈ ಪಳಗಿದೆ, ಮರ ಈಗ ಶುರು ಮಾಡಿದ್ದೇನೆ. ನನ್ನ ಪ್ರಶ್ನೆ ಇದು. ಪ್ಯೂರಿಯರ್ ಅವರ ಶೈಲಿ ಒಂದೇ ಸಲ ಬಂತಾ, ನಿಧಾನಕ್ಕೆ ಬಂತಾ? ನಮಗೆ ಮೊದಲಿನಿಂದಲೇ 'ನಿನ್ನ ಶೈಲಿ ಯಾವುದು' ಅಂತ ಎಲ್ಲರೂ ಕೇಳುತ್ತಾರೆ. ಅದು ದೊಡ್ಡ ಭಾರ. ಇನ್ನೊಂದು, ಹುಡುಗಿ ಬಡಗಿಮನೆಯಲ್ಲಿ ಕೂತು ಕಲಿತೀನಿ ಅಂದರೆ ಮನೆಯಲ್ಲಿ ಒಪ್ಪಿಸೋದು ಕಷ್ಟ. ಮರದಲ್ಲಿ ಹಾಗೆ ಬೆಳೆದ ಹೆಂಗಸರು ನಮ್ಮ ದೇಶದಲ್ಲಿ ಇದ್ದಾರಾ?

ಉಳಿಕೊಡತಿ (ದಾವಣಗೆರೆ)

ತಂಗಿ, ಮೊದಲನೆಯದಕ್ಕೆ ಉತ್ತರ. ನಿಧಾನಕ್ಕೇ ಬಂತು. 1978ರಿಂದ ಕೆಲವು ವರ್ಷ ಅವರು ಉಂಗುರದಂಥ ಕೆಲಸಗಳ ಒಂದು ಸಾಲನ್ನೇ ಮಾಡಿದರು. ತೆಳು ಮರದ ಪಟ್ಟಿಗಳನ್ನು ಬಗ್ಗಿಸಿ ಸುತ್ತು ಮಾಡಿ ಗೋಡೆಗೆ ನೇತುಹಾಕುವುದು. ಆಕಾರ ಒಂದೇ, ಸುತ್ತು. ಆದರೆ ತುದಿಗಳು ಸೇರುವ ಜಾಗ ಒಂದೊಂದರಲ್ಲೂ ಬೇರೆ. ಒಂದರಲ್ಲಿ ಸೇರುತ್ತದೆ, ಇನ್ನೊಂದರಲ್ಲಿ ಸೇರದೇ ಉಳಿಯುತ್ತದೆ. ಬಣ್ಣ ಬದಲಾಗುತ್ತದೆ, ದಪ್ಪ ಬದಲಾಗುತ್ತದೆ. ವರ್ಷಗಟ್ಟಲೆ ಒಂದೇ ಪ್ರಶ್ನೆ ಕೇಳಿಕೊಂಡರು: ಎರಡು ತುದಿ ಹೇಗೆ ಸೇರಬೇಕು? ಶೈಲಿ ಬೇಕು ಅಂತ ಹುಡುಕಿದವರು ಹಾಗೆ ಮಾಡಲ್ಲ. ನೀನೂ ಒಂದು ಪ್ರಶ್ನೆ ಹಿಡಿ. ಶೈಲಿಯ ಮಾತನ್ನು ಕೇಳುವವರಿಗೇ ಬಿಡು.

ಎಂಬತ್ತರ ದಶಕದ ಶುರುವಿನಲ್ಲಿ ಜಪಾನಿಗೆ ಹೋಗಿ ಅಲ್ಲಿನ ಕಟ್ಟಡ, ತೋಟ ನೋಡಿ ಬಂದರು. ಆಮೇಲೆ ಕೆಲಸ ದೊಡ್ಡದಾಗುತ್ತಾ ಹೋಯಿತು. 1989ರಲ್ಲಿ ಬ್ರೆಜಿಲ್‌ನ ಸಾವೊ ಪಾಲೊ ಬಿನಾಲೆ ಅನ್ನುವ ಅಂತರರಾಷ್ಟ್ರೀಯ ಕಲಾ ಪ್ರದರ್ಶನದಲ್ಲಿ ಅಮೆರಿಕದ ಪರವಾಗಿ ಹೋಗಿ ಮೊದಲ ಬಹುಮಾನ ಪಡೆದರು. 2007ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಅಲ್ಲಿಯವರೆಗಿನ ಎಲ್ಲ ಕಾಲದ ಕೆಲಸಗಳ ಪ್ರದರ್ಶನ ಆಯಿತು, 2019ರಲ್ಲಿ ವೆನಿಸ್ ಬಿನಾಲೆಯಲ್ಲಿ ಅಮೆರಿಕದ ಪರವಾಗಿ ಪ್ರದರ್ಶನ. ಹೆಸರು ಬಂದ ಮೇಲೂ ಜೋಡಣೆ ಹೇಗೆ ಅನ್ನುವ ಪ್ರಶ್ನೆಯನ್ನು ಕೈಬಿಟ್ಟಿಲ್ಲ.

ಎರಡನೆಯದಕ್ಕೆ ಮೇಷ್ಟ್ರು ಹೇಳಿದರೆ ಚೆನ್ನ.

ಮೇಷ್ಟ್ರು (ಹೊಳಲ್ಕೆರೆ)

ಇದ್ದಾರಮ್ಮ. ಲೀಲಾ ಮುಖರ್ಜಿ ಅವರ ಕೆಲಸ ಹುಡುಕಿ ನೋಡು. 1916ರಲ್ಲಿ ಹುಟ್ಟಿದವರು, ಶಾಂತಿನಿಕೇತನದಲ್ಲಿ ಓದಿದವರು. ಮರಗೆತ್ತನೆಯನ್ನು ನೇಪಾಳದ ಕಸುಬುದಾರರ ಹತ್ತಿರ ಕಲಿತರು. ಗಂಡ ಬಿನೋದ್ ಬಿಹಾರಿ ಮುಖರ್ಜಿ ಹೆಸರಾಂತ ಚಿತ್ರಕಾರ, ನಡುವಯಸ್ಸಿನಲ್ಲಿ ಕಣ್ಣು ಹೋಯಿತು. ಮಗಳು ಮೃಣಾಲಿನಿ ಮುಂದೆ ನಾರಿನ ಹಗ್ಗ ಗಂಟುಹಾಕಿ ದೊಡ್ಡ ದೊಡ್ಡ ಶಿಲ್ಪ ಮಾಡಿದವರು. ಲೀಲಾ ಡೆಹ್ರಾಡೂನಿನ ಶಾಲೆಯಲ್ಲಿ ಮಕ್ಕಳಿಗೆ ಪಾಠ ಮಾಡುತ್ತಾ, ಮನೆ ನೋಡಿಕೊಳ್ಳುತ್ತಾ, ಉಳಿ ಹಿಡಿದರು. ಅವರ ಮರದ ಆಳುಗಳು ದಿಮ್ಮಿಯ ಆಕಾರವನ್ನು ಪೂರ್ತಿ ಬಿಡುವುದಿಲ್ಲ. ಮರ ಹೇಗಿತ್ತೋ ಅದರ ಮೈಯಲ್ಲೇ ಮನುಷ್ಯ ಎದ್ದು ಬರುತ್ತಾನೆ.

ಇನ್ನೊಬ್ಬರು ಲೂಯಿಸ್ ನೆವೆಲ್ಸನ್, ಅಮೆರಿಕ. ಬೀದಿಯಲ್ಲಿ ಬಿಸಾಕಿದ ಕುರ್ಚಿ ಕಾಲು, ಕಟಕಟೆ ತುಂಡು, ಪೆಟ್ಟಿಗೆ ಎಲ್ಲ ಆರಿಸಿ ತಂದು ಗೋಡೆ ಅಗಲ ಜೋಡಿಸಿ ಕಪ್ಪು ಬಳಿದರು. 1958ರ 'ಸ್ಕೈ ಕೆಥೀಡ್ರಲ್' ಮಾಡಿದಾಗ ಅವರಿಗೆ ಅರವತ್ತು ಸಮೀಪಿಸಿತ್ತು. ಹಾಗಾಗಿ ಶೈಲಿಯ ಚಿಂತೆ ನಿನಗೆ ಈಗಲೇ ಬೇಡ.

ಬಡಗಿಮನೆ (ಹರಿಹರ)

ತಂಗಿ, ಮನೆಯಲ್ಲಿ ಹೇಳು, ಬಡಗಿಮನೆಯಲ್ಲಿ ನಮ್ಮ ಅಮ್ಮ, ಅಕ್ಕ ಎಲ್ಲರೂ ಮರಕ್ಕೆ ಕೈ ಕೊಟ್ಟವರೇ. ಗಾಲಿಗೆ ಕಬ್ಬಿಣದ ಪಟ್ಟಿ ಕೂರಿಸುವ ದಿನ ಮನೆ ಮಂದಿಯೆಲ್ಲ ಬೇಕಿತ್ತು. ಪಟ್ಟಿಯನ್ನು ಸುತ್ತ ಬೆಂಕಿ ಹಾಕಿ ಕೆಂಪಗೆ ಕಾಯಿಸಿ, ಹಿಗ್ಗಿದಾಗ ಗಾಲಿ ಮೇಲೆ ಇಳಿಸಿ, ಕೂಡಲೇ ನೀರು ಹೊಯ್ಯಬೇಕು. ಕಬ್ಬಿಣ ಕುಗ್ಗಿ ಗಾಲಿಯ ಕಡ್ಡಿಗಳನ್ನು, ಅಂದರೆ ಅರಗಳನ್ನೆಲ್ಲ, ನಡುವಿನ ಗುಂಬದ ಒಳಕ್ಕೆ ಬಿಗಿಯುತ್ತದೆ. ಅಂಟೂ ಇಲ್ಲ, ಮೊಳೆಯೂ ಇಲ್ಲ. ನೀರು ಹೊಯ್ಯೋದು ಅಮ್ಮನ ಕೆಲಸ. ತಡ ಆದರೆ ಮರ ಸುಡುತ್ತದೆ. ಆ ಹೊತ್ತಲ್ಲಿ ಅಪ್ಪ ಅಮ್ಮನ ಮಾತನ್ನೇ ಕೇಳುತ್ತಿದ್ದರು.

ಮರದ ಬಗ್ಗೆ ಹೇಳುತ್ತೇನೆ. ಕಲಿಯೋಕೆ ತೇಗ ತಗೋಬೇಡ. ದುಡ್ಡು ಜಾಸ್ತಿ, ಉಳಿ ಬೇಗ ಮೊಂಡಾಗುತ್ತದೆ. ಶಿವನೆ ಸಿಕ್ಕರೆ ಒಳ್ಳೇದು. ಹಗುರ, ಒಣಗಿದ ಮೇಲೆ ಹೆಚ್ಚು ಸೊಟ್ಟ ಆಗಲ್ಲ, ಉಳಿಗೆ ಮೆತ್ತಗೆ ಬರುತ್ತದೆ. ಬೇವು ನಮ್ಮ ಕಡೆ ಸುಲಭವಾಗಿ ಸಿಗುತ್ತದೆ, ಆದರೆ ನಾರು ಆ ಕಡೆ ಈ ಕಡೆ ತಿರುಗಿರುತ್ತದೆ, ಉಳಿ ಕಿತ್ತುಕೊಂಡು ಬರುತ್ತದೆ. ಜಾಲಿ ಗಟ್ಟಿ. ನೇಗಿಲು, ಗಾಲಿಗೆ ಅದೇ ಸರಿ, ಹೊಸ ಕೈಗೆ ಬೇಡ. ಯಾವ ಮರ ಆದರೂ ಹೊರಗಿನ ಬಿಳಿ ಭಾಗ ತೆಗೆದು ಒಳಗಿನ ಗಟ್ಟಿ ಚೇಗು ಇಟ್ಟುಕೋ. ಹುಳ ಹಿಡಿಯೋದು ಬಿಳಿ ಭಾಗಕ್ಕೇ ಜಾಸ್ತಿ.

ಹಸಿ ತುಂಡು ತಂದರೆ ಎರಡೂ ತುದಿಗೆ ಮೇಣವನ್ನೋ ಹಳೇ ಬಣ್ಣವನ್ನೋ ದಪ್ಪಗೆ ಬಳಿ. ನೀರು ಬೇಗ ಹೋಗೋದು ತುದಿಯಿಂದ, ಸೀಳು ಶುರು ಆಗೋದೂ ಅಲ್ಲಿಂದಲೇ. ನೆರಳಲ್ಲಿ, ಗಾಳಿ ಆಡುವ ಕಡೆ, ನಡುವೆ ಕಡ್ಡಿ ಕೊಟ್ಟು ಇಡು. ದಪ್ಪ ಒಂದಂಗುಲಕ್ಕೆ ಒಂದು ವರ್ಷ ಅಂತ ಲೆಕ್ಕ. ಕಾಯೋಕೆ ಆಗಲ್ಲ ಅಂದರೆ ಹಳೇ ಮನೆ ಕೆಡವುವ ಕಡೆ ತೊಲೆ, ಚೌಕಟ್ಟು ಸಿಗುತ್ತದೆ. ಅದು ಎಷ್ಟೋ ವರ್ಷ ಒಣಗಿ ಸುಮ್ನಾಗಿರುತ್ತದೆ. ಮೊಳೆ ಇದೆಯಾ ಅಂತ ಮಾತ್ರ ನೋಡಿಕೋ.

ಉಳಿಕೊಡತಿ (ದಾವಣಗೆರೆ)

ಅಣ್ಣ, ನೀವು ಗಾಲಿಯ ಬಗ್ಗೆ ಬರೆದದ್ದನ್ನು ಯಾವುದಾದರೂ ಕಲಾ ಶಾಲೆಯ ಗೋಡೆ ಮೇಲೆ ಅಂಟಿಸಬೇಕು. ಒಳಗಿನ ಒತ್ತಡದಿಂದಲೇ ನಿಲ್ಲುವ ಆಕಾರ! ಪ್ಯೂರಿಯರ್ ಕೆಲಸದಲ್ಲಿ ನನಗೆ ಇಷ್ಟ ಆಗುವುದೂ ಅದೇ ಬಿಗಿ.

ಒಂದು ಮಾತು ಹೇಳಲೇಬೇಕು. ಹೊಯ್ಸಳರ ಕಾಲದ ಶಿಲ್ಪಿ ಮಲ್ಲಿತಮ್ಮ ಕಲ್ಲಿನಲ್ಲಿ ತನ್ನ ಹೆಸರು ಕೊರೆದ. ಎಂಟುನೂರು ವರ್ಷ ಆದ ಮೇಲೂ ನಾವು ಆ ಹೆಸರು ಹೇಳುತ್ತೇವೆ. ನಮ್ಮ ಹೊಲಗಳಲ್ಲಿ ತಲೆಮಾರುಗಟ್ಟಲೆ ಬಿತ್ತಿದ ಕೂರಿಗೆಯ ಮೇಲೆ ಯಾವ ಬಡಗಿಯ ಹೆಸರೂ ಇಲ್ಲ. ವರ್ಷಕ್ಕೊಮ್ಮೆ ಕಣದಲ್ಲಿ ಅವನ ಪಾಲಿನ ಕಾಳು, ಅಂದರೆ ಆಯ, ಕೊಟ್ಟು ಕಳಿಸಿದೆವು. ಟ್ರ್ಯಾಕ್ಟರ್ ಬಂದ ಮೇಲೆ ಅದೂ ನಿಂತಿತು. ಕೂರಿಗೆಗಳು ಎಷ್ಟೋ ಮನೆಗಳಲ್ಲಿ ಒಲೆ ಸೇರಿದವು. ಅಂಥ ಒಂದನ್ನು ತಂದು ಪ್ಯೂರಿಯರ್ ಕೆಲಸದ ಪಕ್ಕ ಇಟ್ಟರೆ ನಾಚಿಕೊಳ್ಳುವ ವಸ್ತು ಅಲ್ಲ ಅದು. ಅಡ್ಡ ಮಲಗಿದ ದಪ್ಪ ದಿಂಡು, ಅದಕ್ಕೆ ನೆಟ್ಟ ತಾಳು, ಎತ್ತಿನ ನೊಗಕ್ಕೆ ಕಟ್ಟುವ ಈಸು, ಬೀಜ ಹಾಕುವ ಬಟ್ಟಲು, ಬೀಜ ಇಳಿಯುವ ಬಿದಿರಿನ ಕೊಳವೆ. ಒಂದೊಂದು ಭಾಗಕ್ಕೂ ಕಾರಣ ಇದೆ, ಒಟ್ಟಿಗೆ ನೋಡಿದರೆ ರೂಪ ಇದೆ. ನೋಡುವ ಕಣ್ಣು ನಮಗೆ ಬರಬೇಕು.

ಕೋಟೆಊರು (ಚಿತ್ರದುರ್ಗ)

ನಮ್ಮ ಅಟ್ಟದ ಮೇಲೆ ತಾತನ ಕಾಲದ ಕೂರಿಗೆ ಇದೆ. ಇಳಿಸಿ ಒರೆಸಿ ನೋಡುತ್ತೇನೆ. ವಿದ್ಯಾರ್ಥಿನಿ ತಂಗಿಗೆ ಅಳತೆ ತಗೊಳ್ಳೋಕೆ ಬೇಕಿದ್ದರೆ ಹೇಳಲಿ, ಭಾಗ ಭಾಗದ ಫೋಟೋ ಇಲ್ಲೇ ಹಾಕುತ್ತೇನೆ.

ದೃಶ್ಯಕಲೆ ವಿದ್ಯಾರ್ಥಿನಿ (ದಾವಣಗೆರೆ)

ಬೇಕು ಅಣ್ಣ, ದಯವಿಟ್ಟು ಹಾಕಿ. ನನ್ನ ಪ್ರಶ್ನೆ ಸಿಕ್ಕಿತು ಅನಿಸುತ್ತಿದೆ. ದಿಂಡಿನಲ್ಲಿ ತಾಳು ಓರೆಯಾಗಿ ಕೂರುತ್ತದಲ್ಲ, ಆ ಒಂದು ಜೋಡಣೆಯನ್ನೇ ಆಳೆತ್ತರಕ್ಕೆ ಮಾಡಿ ನೋಡಬೇಕು ಅಂತ ಇದೆ. ಸಣ್ಣ ಮಾದರಿ ಮೊದಲು ಶಿವನೆಯಲ್ಲಿ ಮಾಡುತ್ತೇನೆ. ಬಡಗಿಮನೆ ಅಣ್ಣ, ಓರೆ ತೂತು ಕೊರೆಯುವಾಗ ಇನ್ನೊಂದು ಬದಿಯಲ್ಲಿ ಜಾಗ ತಪ್ಪದ ಹಾಗೆ ಹೇಗೆ ನೋಡಿಕೊಳ್ಳೋದು?

ಬಡಗಿಮನೆ (ಹರಿಹರ)

ಒಂದೇ ಬದಿಯಿಂದ ಕೊರೆಯಬೇಡ. ಓರೆ ಎಷ್ಟು ಅಂತ ಮೊದಲು ದಿಂಡಿನ ಪಕ್ಕದ ಮೈ ಮೇಲೆ ಗೆರೆ ಹಾಕು. ಆ ಗೆರೆ ಮೇಲಕ್ಕೂ ಕೆಳಕ್ಕೂ ಎಲ್ಲಿ ಮುಟ್ಟುತ್ತದೋ ಅಲ್ಲಿಂದ ಎರಡೂ ಮುಖದ ಮೇಲೆ ತೂತಿನ ಗುರುತು ಮಾಡು. ಮೇಲಿಂದ ಅರ್ಧ, ಕೆಳಗಿಂದ ಅರ್ಧ ಕೊರೆದು ನಡುವೆ ಸೇರಿಸು. ಕೊನೆಗೆ ಉಳಿಯಿಂದ ಒಳಗೋಡೆ ಸವರು. ತಾಳಿನ ತುದಿಯನ್ನು ತೂತಿಗಿಂತ ಕೂದಲೆಳೆ ದಪ್ಪ ಇಟ್ಟುಕೊಂಡು, ಬಡಿದು ನೋಡಿ, ಹತ್ತಿದ ಕಡೆ ಮಾತ್ರ ಕೆರೆ. ಬೆಣೆ ಶಿವನೆಯದು ಬೇಡ, ಪೂರ್ತಿ ಒಣಗಿದ ಜಾಲಿಯದೇ ಆಗಲಿ. ಹಸಿ ಬೆಣೆ ಹೊಡೆದರೆ ಬೇಸಿಗೆಗೆ ಕುಗ್ಗಿ ಸಡಿಲ ಆಗುತ್ತದೆ.